ಅಜ್ಜನ ಟ್ರಂಕಿನಲ್ಲಿ ಸಿಕ್ಕ ಯುದ್ಧಕಾಲದ ಮರುಮುದ್ರಣಗಳು: ಬೈಂಡ್ ಮಾಡಿಸಲಾ, ಹಾಗೇ ಇಡಲಾ?

ಅಟ್ಟದ ಟ್ರಂಕು:
ಎಲ್ಲರಿಗೂ ನಮಸ್ಕಾರ. ಸಾಗರದ ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ತಗಡಿನ ಟ್ರಂಕ್ ಸಿಕ್ಕಿತು. ಒಳಗೆ ಹದಿನಾಲ್ಕು ಇಂಗ್ಲಿಷ್ ಕಾದಂಬರಿಗಳಿವೆ. ಐದು ಎವ್ರಿಮ್ಯಾನ್ಸ್ ಲೈಬ್ರರಿ ಅನ್ನುವ ಮಾಲೆಯವು, ನಾಲ್ಕು ಆಕ್ಸ್‌ಫರ್ಡ್‌ನ ಅಂಗೈ ಅಗಲದ ವರ್ಲ್ಡ್ಸ್ ಕ್ಲಾಸಿಕ್ಸ್, ಮೂರು ಪೆಂಗ್ವಿನ್, ಇನ್ನೆರಡು ಬೇರೆಯವರದು. ಅಜ್ಜ 1946ರ ಹೊತ್ತಿಗೆ ಬೆಂಗಳೂರಿನಲ್ಲಿ ಓದುತ್ತಿದ್ದರು, ಆಗ ಕಂಟೋನ್ಮೆಂಟ್ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು ಅಂತ ಅಪ್ಪ ಹೇಳುತ್ತಾರೆ.

ಎರಡು ಪುಸ್ತಕದಲ್ಲಿ ಶೀರ್ಷಿಕೆ ಪುಟದ ಹಿಂಬದಿ ಒಂದು ಪುಟ್ಟ ಗುರುತಿದೆ: ತೆರೆದ ಪುಸ್ತಕದ ಮೇಲೆ ಕೂತ ಸಿಂಹ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ, ಅಂಚು ಮುಟ್ಟಿದರೆ ಪುಡಿ ಉದುರುತ್ತದೆ. ರಟ್ಟು ಎಷ್ಟು ತೆಳು ಅಂದರೆ ಬಾಗುತ್ತದೆ. ನೆಟ್‌ನಲ್ಲಿ ಒಬ್ಬರು ಇಂಥದ್ದೇ ಸಿಂಹದ ಪುಸ್ತಕಕ್ಕೆ 6,000 ರೂಪಾಯಿ ಹೇಳಿದ್ದಾರೆ. ಊರಿನ ಹಳೆ ಪುಸ್ತಕದವರು ಹದಿನಾಲ್ಕಕ್ಕೂ ಸೇರಿ 700 ಕೊಡುತ್ತೇನೆ ಅಂದರು. ಯಾವುದು ಸರಿ? ಇನ್ನೊಂದು ಮಾತು, ಒಳ್ಳೆ ಬೈಂಡಿಂಗ್ ಮಾಡಿಸಿದರೆ ಬೆಲೆ ಜಾಸ್ತಿ ಆಗುತ್ತದಾ? ಮಾರುವ ಆಸೆ ಏನಿಲ್ಲ. ಆದರೆ ಕೈಯಲ್ಲಿರುವುದು ಏನು ಅಂತ ತಿಳಿಯಬೇಕು.

ಬಿಡಿಹಾಳೆ:
ಬೈಂಡ್ ಮಾಡಿಸಬೇಡಿ! ಉಳಿದದ್ದು ಆಮೇಲೆ ಮಾತಾಡೋಣ.

ಕಂಟೋನ್ಮೆಂಟ್ ಓದುಗ:
ಬಿಡಿಹಾಳೆ ಹೇಳಿದ್ದೇ ನನ್ನದೂ. ಮೊದಲು ಆ ಸಿಂಹದ ಕಥೆ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಬ್ರಿಟನ್‌ನಲ್ಲಿ ಕಾಗದಕ್ಕೆ ರೇಷನ್ ಬಂತು. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯೊಳಗೆ ನುಗ್ಗಿತು, ಅಲ್ಲಿಂದ ಬರುತ್ತಿದ್ದ ಮರದ ತಿರುಳು ನಿಂತಿತು. ಉತ್ತರ ಆಫ್ರಿಕಾದಿಂದ ಎಸ್ಪಾರ್ಟೊ ಅಂತ ಒಂದು ಹುಲ್ಲು ಬರುತ್ತಿತ್ತು, ಒಳ್ಳೆ ಪುಸ್ತಕದ ಕಾಗದಕ್ಕೆ ಅದೇ ಆಧಾರ, ಅದೂ ನಿಂತಿತು. ಆಮೇಲೆ ಗೋಧಿ ಹುಲ್ಲು, ಹಳೆ ಕಾಗದದ ರದ್ದಿ, ಸಿಕ್ಕಿದ್ದರಲ್ಲಿ ಕಾಗದ ಮಾಡಿದರು. ಪ್ರಕಾಶಕರಿಗೆ ಯುದ್ಧದ ಮುಂಚಿನ ವರ್ಷ ಎಷ್ಟು ಕಾಗದ ಬಳಸಿದ್ದರೋ ಅದರ ಶೇಕಡ 60 ಅಂತ ಕೊಡಲು ಶುರುಮಾಡಿ 1942ರ ಹೊತ್ತಿಗೆ 37.5ಕ್ಕೆ ಇಳಿಸಿದರು.

1942ರ ಜನವರಿಯಿಂದ ಪ್ರಕಾಶಕರೂ ಸರ್ಕಾರವೂ ಮಾಡಿಕೊಂಡ ಒಪ್ಪಂದ ಜಾರಿಗೆ ಬಂತು. ಅಕ್ಷರ ಇಷ್ಟೇ ದೊಡ್ಡದಿರಬೇಕು, ಅಂಚಿನಲ್ಲಿ ಇಷ್ಟೇ ಜಾಗ ಬಿಡಬೇಕು, ಕಾಗದ ಇಷ್ಟೇ ತೂಕ, ರಟ್ಟು ಇಷ್ಟೇ ದಪ್ಪ. ಅದನ್ನು ಪಾಲಿಸಿದ ಪುಸ್ತಕಕ್ಕೆ ಸಿಂಹದ ಗುರುತು. ಅಂದರೆ ನಿಮ್ಮ ತೆಳು ರಟ್ಟು, ಒತ್ತೊತ್ತು ಅಕ್ಷರ ಯಾರದೋ ಜಿಪುಣತನ ಅಲ್ಲ, ಅದು ನಿಯಮ.

ಪುಸ್ತಕಪ್ರಿಯ_77:
ಸಿಂಹದ ಗುರುತು ಇದ್ದರೆ ಅದು ಯುದ್ಧಕಾಲದ ಮೊದಲ ಮುದ್ರಣ. ಅಪರೂಪ. 6,000ಕ್ಕೆ ಕೊಟ್ಟರೂ ಕಮ್ಮಿಯೇ.

ಲೀಡ್ಸ್ ಕನ್ನಡತಿ:
77 ಅವರೇ, ಇದು ತಪ್ಪು, ಮತ್ತು ಇದೇ ತಪ್ಪಿನಿಂದ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಸಿಂಹಕ್ಕೂ ಮೊದಲ ಮುದ್ರಣಕ್ಕೂ ಸಂಬಂಧವೇ ಇಲ್ಲ. ಹತ್ತನೇ ಮರುಮುದ್ರಣಕ್ಕೂ ಅದೇ ಸಿಂಹ. ಇನ್ನೊಂದು, ಯುದ್ಧ 1945ರಲ್ಲಿ ಮುಗಿದರೂ ಕಾಗದದ ರೇಷನ್ 1949ರ ತನಕ ಇತ್ತು. ನನ್ನ ಹತ್ತಿರ 1947ರ ಪುಸ್ತಕದಲ್ಲೂ ಸಿಂಹ ಇದೆ. ಹಾಗಾಗಿ ಸಿಂಹ ನೋಡಿ ‘ಯುದ್ಧಕಾಲ’ ಅಂತ ಕೂಡ ಪೂರ್ತಿ ಹೇಳಲು ಆಗಲ್ಲ. ವರ್ಷ ನೋಡಬೇಕು.

ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಇಂಥ ಎವ್ರಿಮ್ಯಾನ್ ಎರಡು ಮೂರು ಪೌಂಡಿಗೆ ಸಿಗುತ್ತವೆ. ಬೇಜಾರಾಗಬೇಡಿ ಟ್ರಂಕು ಅವರೇ, ನಿಜ ಹೇಳುವುದೇ ಒಳ್ಳೆಯದು ಅಲ್ವಾ.

ಅಟ್ಟದ ಟ್ರಂಕು:
ಬೇಜಾರೇನೂ ಇಲ್ಲ ಅಕ್ಕಾ. ವರ್ಷ ಎಲ್ಲಿ ನೋಡಬೇಕು? ಒಂದರಲ್ಲಿ 1907 ಅಂತ ಇದೆ, ಅದು ಯುದ್ಧಕ್ಕಿಂತ ಎಷ್ಟೋ ಮುಂಚೆ.

ಲೀಡ್ಸ್ ಕನ್ನಡತಿ:
ಎವ್ರಿಮ್ಯಾನ್ ಮಾಲೆ ಶುರುವಾದದ್ದೇ 1906ರಲ್ಲಿ, ಡೆಂಟ್ ಅನ್ನುವ ಪ್ರಕಾಶಕರು. ಆ ಕಾದಂಬರಿ ಆ ಮಾಲೆಯೊಳಗೆ ಮೊದಲ ಸಲ ಬಂದದ್ದು 1907ರಲ್ಲಿ, ಅಷ್ಟೇ ಅದರ ಅರ್ಥ. ಅದೇ ಪುಟದಲ್ಲಿ ಕೆಳಗಿನ ಸಾಲು ನೋಡಿ. ‘ಕೊನೆಯ ಮರುಮುದ್ರಣ’ ಅಂತ ಒಂದು ವರ್ಷ ಇರುತ್ತದೆ. ನಿಮ್ಮ ಪ್ರತಿ ಹುಟ್ಟಿದ ವರ್ಷ ಅದು. ಮುದ್ರಣವಾದ ಜಾಗ ಲೆಚ್‌ವರ್ತ್‌ನ ಟೆಂಪಲ್ ಪ್ರೆಸ್ ಅಂತಲೂ ಅಲ್ಲೇ ಇರುತ್ತದೆ.

ಅಟ್ಟದ ಟ್ರಂಕು:
ಇದೆ ಇದೆ! ಐದರಲ್ಲಿ ಎರಡು 1943, ಒಂದು 1941, ಒಂದು 1938, ಒಂದು 1945. ಸಿಂಹ ಇರುವುದು 43ರ ಎರಡಕ್ಕೆ ಮಾತ್ರ. ಪಕ್ಕಪಕ್ಕ ಇಟ್ಟು ನೋಡಿದೆ. 38ರದ್ದು ಇವತ್ತಿಗೂ ಬೆಳ್ಳಗಿದೆ, ಗಟ್ಟಿಯಾಗಿದೆ. 43ರದ್ದು ಅದರ ಅರ್ಧ ದಪ್ಪ ಇದೆ, ಕಾದಂಬರಿ ಉದ್ದವೇ ಆದರೂ.

ಕಂಟೋನ್ಮೆಂಟ್ ಓದುಗ:
ನೋಡಿ, ಈಗ ನಿಮ್ಮ ಟ್ರಂಕಿಗೆ ಬೆಲೆ ಬಂತು. ಒಂದೊಂದೇ ಆಗಿ ಅಲ್ಲ. 38, 41, 43, 45 ಒಂದೇ ಮಾಲೆಯಲ್ಲಿ ಪಕ್ಕಪಕ್ಕ ಇದ್ದರೆ ಯುದ್ಧ ಕಾಗದಕ್ಕೆ ಏನು ಮಾಡಿತು ಅನ್ನುವುದು ಕೈಗೇ ಸಿಗುತ್ತದೆ. ನಾನು ಹದಿನೆಂಟು ವರ್ಷದಿಂದ ಇವನ್ನೇ ಸೇರಿಸುತ್ತಿದ್ದೇನೆ. ನಾನು ಹುಡುಕುವುದು ಇದನ್ನೇ.

ಮೇಷ್ಟ್ರು ಹಾಸನ:
1941ರದ್ದಕ್ಕೆ ಕಾಗದ ಹೇಗಿದೆ? ಸುಮಾರು ಚೆನ್ನಾಗಿರಬಹುದು. ಗೋದಾಮಿನಲ್ಲಿ ಹಳೆ ದಾಸ್ತಾನು ಇದ್ದವರು ಸ್ವಲ್ಪ ಕಾಲ ಅದರಲ್ಲೇ ಮುದ್ರಿಸಿದರು. ಯುದ್ಧಕಾಲದ್ದೆಲ್ಲ ಕೆಟ್ಟ ಕಾಗದ ಅನ್ನುವುದೂ ಪೂರ್ತಿ ಸರಿ ಅಲ್ಲ.

ಅಟ್ಟದ ಟ್ರಂಕು:
ಹೌದು ಸರ್, 41ರದ್ದು ಮಧ್ಯಮ. ಅಂಚು ಮಾತ್ರ ಕಂದು.

ಹುಬ್ಬಳ್ಳಿ ಓದುಗಿ:
ನನಗೆ ಅರ್ಥ ಆಗದ್ದು ಒಂದೇ. ಕಾಗದವೇ ಇಲ್ಲದ ಹೊತ್ತಲ್ಲಿ ನೂರು ವರ್ಷದ ಹಳೆ ಕಾದಂಬರಿಗಳನ್ನು ಯಾಕೆ ಮರುಮುದ್ರಿಸಿದರು? ಯುದ್ಧಕ್ಕೆ ಬೇಕಾದ ಪುಸ್ತಕ ಬಿಟ್ಟು?

ಮೇಷ್ಟ್ರು ಹಾಸನ:
ಒಳ್ಳೆ ಪ್ರಶ್ನೆ ತಾಯಿ. ಜನ ಕೇಳಿದರು, ಅದಕ್ಕೇ. ರಾತ್ರಿಯೆಲ್ಲ ದೀಪ ಮುಚ್ಚಿದ ಊರು, ಕಿಟಕಿಗೆ ಕಪ್ಪು ಪರದೆ, ಹೊರಗೆ ಹೋಗುವುದೂ ಕಷ್ಟ. ಬಾಂಬ್ ಆಸರೆಯಲ್ಲಿ ಗಂಟೆಗಟ್ಟಲೆ ಕೂರಬೇಕು. ಉದ್ದದ ಕಾದಂಬರಿಗೆ ಅದಕ್ಕಿಂತ ಒಳ್ಳೆ ಸಮಯ ಯಾವುದು? ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಟ್ರಾಲಪ್‌ನ ಕಾದಂಬರಿಗಳು ಬೇಕು ಬೇಕು ಅಂತ ಜನ ಮುಗಿಬಿದ್ದರು. ಪಾದ್ರಿಗಳು, ಹಳ್ಳಿ, ಆಸ್ತಿ ಜಗಳ, ಮದುವೆ, ಎಲ್ಲ ನಿಧಾನ. ತಲೆ ಮೇಲೆ ವಿಮಾನ ಹಾರುವಾಗ ಆ ನಿಧಾನವೇ ಅವರಿಗೆ ಬೇಕಾಗಿತ್ತು. 1941ರಲ್ಲಿ ಹಿಟ್ಲರ್ ರಷ್ಯಾಕ್ಕೆ ನುಗ್ಗಿದ ಮೇಲೆ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಗೂ ಬೇಡಿಕೆ ಬಂತು. ಅಮೆರಿಕದಲ್ಲಿ 1942ರಲ್ಲಿ ಸೈಮನ್ ಅಂಡ್ ಶುಸ್ಟರ್ ಅದರ ದಪ್ಪ ಒಂದೇ ಸಂಪುಟ ತಂದರು.

ಇನ್ನೊಂದು ಕಾರಣ ಕಣ್ಣೀರು ತರಿಸುವಂಥದ್ದು. 1940ರ ಡಿಸೆಂಬರ್ 29ರ ರಾತ್ರಿ ಲಂಡನ್ ಮೇಲೆ ಬೆಂಕಿ ಬಾಂಬ್ ಬಿತ್ತು. ಸೇಂಟ್ ಪಾಲ್ಸ್ ಚರ್ಚಿನ ಪಕ್ಕದ ಪೇಟರ್‌ನಾಸ್ಟರ್ ರೋ ಅಂದರೆ ಪುಸ್ತಕ ವ್ಯಾಪಾರದ ಕೇರಿ, ಇಡೀ ಕೇರಿ ಸುಟ್ಟುಹೋಯಿತು. ಒಂದೇ ರಾತ್ರಿ ಲಕ್ಷಗಟ್ಟಲೆ ಪುಸ್ತಕ ಬೂದಿ. ಗೋದಾಮಿನಲ್ಲಿದ್ದ ಹಳೆ ಕಾದಂಬರಿಗಳೂ ಹೋದವು. ಆಮೇಲೆ ಯಾವ ಕ್ಲಾಸಿಕ್ ಕೇಳಿದರೂ ಅಂಗಡಿಯಲ್ಲಿ ಇಲ್ಲ. ಮರುಮುದ್ರಣ ಮಾಡಲು ಕಾಗದ ಇಲ್ಲ. ನಿಮ್ಮ 43ರ ಪ್ರತಿ ಅಂಥ ಹೊತ್ತಲ್ಲಿ ಹೊರಬಂದದ್ದು.

ಹುಬ್ಬಳ್ಳಿ ಓದುಗಿ:
ಧನ್ಯವಾದ ಸರ್. ಇನ್ನು ಮುಂದೆ ತೆಳು ರಟ್ಟಿನ ಪುಸ್ತಕ ನೋಡಿದರೆ ಸುಮ್ನೆ ಬದಿಗಿಡಲ್ಲ.

ನ್ಯೂಜೆರ್ಸಿ ನಾರಾಯಣ:
ಬ್ರಿಟಿಷರದ್ದನ್ನೇ ಹೇಳುತ್ತಿದ್ದೀರಿ, ಅಮೆರಿಕದ ಆರ್ಮ್ಡ್ ಸರ್ವಿಸಸ್ ಎಡಿಷನ್ ಬಿಟ್ಟರೆ ಈ ಮಾತು ಅರ್ಧವೇ. 1943ರಿಂದ 1947ರ ತನಕ ಸೈನಿಕರಿಗೆ ಪುಕ್ಕಟೆ ಹಂಚಲು 1,300ಕ್ಕೂ ಹೆಚ್ಚು ಪುಸ್ತಕ, ಒಟ್ಟು 12 ಕೋಟಿಗೂ ಹೆಚ್ಚು ಪ್ರತಿ ಮುದ್ರಿಸಿದರು. ಒಂದು ಪ್ರತಿಗೆ ಬಿದ್ದ ಖರ್ಚು ಆರು ಸೆಂಟ್ ಆಸುಪಾಸು.

ಅವುಗಳ ಆಕಾರವೇ ಬೇರೆ, ಅಡ್ಡಡ್ಡ ಇರುತ್ತವೆ. ನಮ್ಮ ಚೆಕ್‌ಬುಕ್ ತರಹ. ಅದಕ್ಕೆ ಕಾರಣ ಮಷೀನ್. ಪುಸ್ತಕ ಮುದ್ರಿಸುವ ಮಷೀನ್ ಸಾಲಲಿಲ್ಲ, ಮಾಸಪತ್ರಿಕೆ ಮುದ್ರಿಸುವ ಮಷೀನ್ ಬಳಸಿದರು. ಒಂದೇ ಹಾಳೆಯಲ್ಲಿ ಮೇಲೊಂದು ಕೆಳಗೊಂದು ಎರಡು ಪುಸ್ತಕ ಮುದ್ರಿಸಿ ನಡುವೆ ಕತ್ತರಿಸುವುದು. ಒಂದು ಪುಟಕ್ಕೆ ಎರಡು ಕಾಲಂ. ಸಾಲು ಗಿಡ್ಡ ಇದ್ದರೆ ಮಂಕು ಬೆಳಕಲ್ಲೂ ಓದಲು ಸುಲಭ. ಯೂನಿಫಾರಂ ಜೇಬಿಗೆ ಸರಿಯಾಗಿ ಕೂರುತ್ತದೆ. ಬದಿಗೆ ಸ್ಟೇಪಲ್ ಪಿನ್ನು.

ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ 1925ರಲ್ಲಿ ಬಂದಾಗ ಅಷ್ಟೇನೂ ಹೋಗಲಿಲ್ಲ, ಅವನು ಸತ್ತಾಗ ಹೆಚ್ಚು ಕಮ್ಮಿ ಮರೆತೇ ಹೋಗಿತ್ತು. 1945ರಲ್ಲಿ ಸೈನಿಕರಿಗಾಗಿ 1,55,000 ಪ್ರತಿ ಮಾಡಿದರು. ಅದು ಮತ್ತೆ ಓದುಗರ ಕೈಗೆ ಬಂದದ್ದರಲ್ಲಿ ಈ ಪ್ರತಿಗಳದ್ದು ದೊಡ್ಡ ಪಾಲು. ಇವತ್ತು ಆ ಪ್ರತಿ ಕೊಳ್ಳಲು ಹೋದರೆ ಬೆಲೆ ಕೇಳಿ ಸುಮ್ಮನಾಗಬೇಕು.

ಪುಸ್ತಕಪ್ರಿಯ_77:
ಒಂದೂವರೆ ಲಕ್ಷ ಪ್ರತಿ ಇದ್ದರೆ ಬೆಲೆ ಯಾಕೆ ಜಾಸ್ತಿ? ಲೀಡ್ಸ್ ಮೇಡಂ ಈಗ ತಾನೇ ಇಂಥ ಮರುಮುದ್ರಣ ಎರಡು ಮೂರು ಪೌಂಡಿಗೆ ಸಿಗುತ್ತವೆ ಅಂದರು.

ನ್ಯೂಜೆರ್ಸಿ ನಾರಾಯಣ:
ಎಷ್ಟು ಮುದ್ರಿಸಿದರು ಅನ್ನುವುದಲ್ಲ ಮುಖ್ಯ, ಎಷ್ಟು ಉಳಿದವು ಅನ್ನುವುದು. ಅವನ್ನು ಓದಿ ಬಿಸಾಡಲೆಂದೇ ಮಾಡಿದ್ದು. ಕಂದಕದಲ್ಲಿ ನೆನೆದು, ಹತ್ತು ಜನ ಓದಿ, ಹರಿದು ಹಂಚಿಕೊಂಡು ಮುಗಿದವು. ಮನೆಗೆ ತಂದವರು ಕಮ್ಮಿ. ಅದರ ಮೇಲೆ ಆ ಕಾದಂಬರಿ ಬೇಕು ಅನ್ನುವವರು ಲಕ್ಷಾಂತರ. ಅದೇ ಮಾಲೆಯ ಯಾವುದೋ ಮರೆತುಹೋದ ಕೌಬಾಯ್ ಕಥೆ ಇವತ್ತಿಗೂ ಅಗ್ಗ.

ಕಂಟೋನ್ಮೆಂಟ್ ಓದುಗ:
ನಾರಾಯಣ ಅವರೇ, ಅವು ಬೆಂಗಳೂರಿಗೂ ಬಂದಿದ್ದವು. ಇಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಶುರುವಾದದ್ದು 1940ರ ಕೊನೆಗೆ. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆ ವಿಮಾನ ರಿಪೇರಿಗೆ ವಹಿಸಿಕೊಂಡಿತು. ಆಗ ಅಮೆರಿಕದ ಸೈನಿಕರು ತುಂಬ ಜನ ಇಲ್ಲಿದ್ದರು. 2009ರಲ್ಲಿ ಹಲಸೂರಿನ ಹತ್ತಿರ ಗುಜರಿ ಅಂಗಡಿಯ ತೂಕದ ಗುಡ್ಡೆಯಲ್ಲಿ ನನಗೆ ಅಂಥ ಎರಡು ಅಡ್ಡ ಪುಸ್ತಕ ಸಿಕ್ಕವು. ಕಿಲೋಗೆ ಎಂಟು ರೂಪಾಯಿ. ಒಂದಕ್ಕೆ ಕವರ್ ಇಲ್ಲ, ಇನ್ನೊಂದರ ಮೇಲೆ ಪೆನ್ಸಿಲ್‌ನಲ್ಲಿ ಮೂರು ಬೇರೆ ಬೇರೆ ಹೆಸರು, ಮೂರಕ್ಕೂ ಅಡ್ಡಗೆರೆ. ಓದಿ ಮುಂದಿನವರಿಗೆ ಕೊಟ್ಟದ್ದು. ಅದು ನನ್ನ ಹತ್ತಿರ ಇರುವ ಪುಸ್ತಕಗಳಲ್ಲೇ ನನಗೆ ತುಂಬ ಇಷ್ಟವಾದದ್ದು.

ಬಿಡಿಹಾಳೆ:
ಅಯ್ಯೋ ಕಿಲೋಗೆ ಎಂಟು ರೂಪಾಯಿ. ಗುಜರಿಗೆ ಹೋದ ಉಳಿದವು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಪೆಂಗ್ವಿನ್ ಪದ್ಮ:
ಟ್ರಂಕು ಅವರೇ, ನಿಮ್ಮ ಮೂರು ಪೆಂಗ್ವಿನ್ ಬಗ್ಗೆ ಯಾರೂ ಕೇಳಲೇ ಇಲ್ಲ! ಒಳಗೆ ಹೊಲಿಗೆ ಇದೆಯಾ, ಪಿನ್ನು ಇದೆಯಾ? ಬೆಲೆ ಎಷ್ಟಂತ ಮುದ್ರಿಸಿದೆ? ಜಾಹೀರಾತು ಇದೆಯಾ?

ಅಟ್ಟದ ಟ್ರಂಕು:
ಎರಡಕ್ಕೆ ಪಿನ್ನು, ಒಂದಕ್ಕೆ ಹೊಲಿಗೆ. ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದ ಕೆಂಪಾಗಿದೆ. ಬೆಲೆ ಒಂದಕ್ಕೆ ಆರು ಪೆನ್ಸ್, ಎರಡಕ್ಕೆ ಒಂಬತ್ತು. ಮುಂದಿನ ಪುಟದಲ್ಲಿ ಓದಿ ಆದ ಮೇಲೆ ಪೋಸ್ಟ್ ಆಫೀಸಿಗೆ ಕೊಡಿ ಅಂತ ಏನೋ ಇದೆ.

ಪೆಂಗ್ವಿನ್ ಪದ್ಮ:
ಎಷ್ಟು ಖುಷಿ ಆಯಿತು ಗೊತ್ತಾ. ಅದು ನಿಜವಾದ ಸೂಚನೆ: ಓದಿದ ಮೇಲೆ ಪುಸ್ತಕ ಅಂಚೆ ಕಚೇರಿಯಲ್ಲಿ ಬಿಟ್ಟುಹೋಗಿ, ಸೈನ್ಯದಲ್ಲಿರುವವರೂ ಓದಲಿ ಅಂತ. ಪೆಂಗ್ವಿನ್ 1935ರಲ್ಲಿ ಆರು ಪೆನ್ಸಿಗೆ ಶುರುವಾಯಿತು, ಯುದ್ಧದ ನಡುವೆ ಒಂಬತ್ತಕ್ಕೆ ಏರಿತು. ಹಾಗಾಗಿ ಆರು ಪೆನ್ಸಿನದ್ದು ಹಳೆಯದು, ಹೊಲಿಗೆ ಇರುವುದೂ ಅದೇ ಇರಬೇಕು. ಸರಿನಾ?

ಪೆಂಗ್ವಿನ್ ಯುದ್ಧದಲ್ಲಿ ಬೆಳೆದದ್ದಕ್ಕೆ ಕಾರಣ ಕಾಗದದ ಲೆಕ್ಕ. ಯುದ್ಧದ ಮುಂಚಿನ ವರ್ಷ ಎಷ್ಟು ಬಳಸಿದರೋ ಅದರ ಮೇಲೆ ರೇಷನ್. ಆ ವರ್ಷ ಪೆಂಗ್ವಿನ್ ಲಕ್ಷಗಟ್ಟಲೆ ಪುಸ್ತಕ ಹಾಕಿತ್ತು, ಅದಕ್ಕೆ ಒಳ್ಳೆ ಪಾಲು ಸಿಕ್ಕಿತು. ಪುಸ್ತಕ ಚಿಕ್ಕದು, ಅಂಚು ಕಿರಿದು, ಅದೇ ಕಾಗದದಲ್ಲಿ ಜಾಸ್ತಿ ಪ್ರತಿ.

ಒಂದು ಕೆಲಸ ಮಾಡಿ, ಎಲ್ಲ ಪುಟ ನಿಧಾನಕ್ಕೆ ತಿರುವಿ ಮುದ್ರೆ ಹುಡುಕಿ. ಜರ್ಮನ್ ಸೆರೆಶಿಬಿರಗಳಿಗೆ ಹೋದ ಪುಸ್ತಕಗಳ ಮೇಲೆ ‘ಗೆಪ್ರೂಫ್ಟ್’ ಅಂತ ಸೀಲು ಇರುತ್ತದೆ. ಪರೀಕ್ಷೆ ಆಗಿದೆ ಅಂತ ಅರ್ಥ, ಜೊತೆಗೆ ಶಿಬಿರದ ನಂಬರ್. ಅಂಥ ಪ್ರತಿಗೆ ಸಾಮಾನ್ಯ ಪ್ರತಿಗಿಂತ ಬೆಲೆ ಎಷ್ಟೋ ಪಟ್ಟು.

ಅಟ್ಟದ ಟ್ರಂಕು:
ಸರಿ, ಹೊಲಿಗೆ ಇರುವುದು ಆರು ಪೆನ್ಸಿನದ್ದೇ! ಜರ್ಮನ್ ಸೀಲು ಇಲ್ಲ. ಒಂದರಲ್ಲಿ ನೇರಳೆ ಬಣ್ಣದ ದುಂಡು ಸೀಲು ಇದೆ, ಮಸುಕಾಗಿದೆ, ‘ಹಾಸ್ಪಿಟಲ್’ ಅನ್ನುವುದು ಮಾತ್ರ ಓದಲು ಬರುತ್ತದೆ. ಕೆಳಗೆ ‘ಬ್ಯಾಂಗಲೋರ್’ ಇದ್ದ ಹಾಗಿದೆ.

ಕಂಟೋನ್ಮೆಂಟ್ ಓದುಗ:
ಫೋಟೊ! ದಯವಿಟ್ಟು ಫೋಟೊ ಹಾಕಿ! ಆಗ ಜಾಲಹಳ್ಳಿ ಕಡೆ ದೊಡ್ಡ ಮಿಲಿಟರಿ ಆಸ್ಪತ್ರೆ ಇತ್ತು. ಯಾವ ಆಸ್ಪತ್ರೆ ಅಂತ ಸೀಲು ನೋಡದೆ ಹೇಳಬಾರದು. ಆದರೆ ಆ ಒಂದು ಸೀಲು ಆ ಪುಸ್ತಕವನ್ನು ಬೇರೆ ಎಲ್ಲ ಪ್ರತಿಗಳಿಂದ ಬೇರೆ ಮಾಡುತ್ತದೆ.

ಬೈಂಡರ್ ಮಗಳು:
ನಮ್ಮಪ್ಪ ನಲವತ್ತು ವರ್ಷ ಬೈಂಡಿಂಗ್ ಕೆಲಸ ಮಾಡಿದವರು. ಇಲ್ಲಿ ಎಲ್ಲರೂ ಬೈಂಡ್ ಮಾಡಿಸಬೇಡಿ ಅನ್ನುತ್ತಿದ್ದೀರಿ, ಹಾಗಾದರೆ ಪುಡಿಯಾಗಿ ಹೋಗಲಿ ಅಂತಲಾ? ಪುಸ್ತಕ ಇರುವುದು ಓದಲು. ಹಾಳೆ ಕಳಚಿಕೊಂಡು ಒಂದೊಂದೇ ಕಳೆದುಹೋಗುವುದಕ್ಕಿಂತ ಒಂದು ಒಳ್ಳೆ ಕ್ಯಾಲಿಕೊ ಬಟ್ಟೆಯ ಬೈಂಡಿಂಗ್ ಸಾವಿರ ಪಾಲು ವಾಸಿ. ನಮ್ಮಪ್ಪ ಉಳಿಸಿಕೊಟ್ಟ ಪುಸ್ತಕ ಇವತ್ತಿಗೂ ಎಷ್ಟೋ ಮನೆಯಲ್ಲಿ ಇವೆ.

ಬಿಡಿಹಾಳೆ:
ನಿಮ್ಮ ತಂದೆಯ ಬಗ್ಗೆ ಗೌರವ ಇದೆ ಮೇಡಂ. ಆದರೆ ನನಗೆ ಆದದ್ದು ಹೇಳುತ್ತೇನೆ. ಇಂಥದ್ದೇ 1944ರ ಒಂದು ಕಾದಂಬರಿಯನ್ನು ಒಂದು ಅಂಗಡಿಗೆ ಬೈಂಡಿಂಗ್‌ಗೆ ಕೊಟ್ಟೆ. ವಾರ ಬಿಟ್ಟು ಹೋದರೆ ಮೂರು ಬದಿ ಮಷೀನಿಗೆ ಕೊಟ್ಟು ಕತ್ತರಿಸಿದ್ದರು. ಮೊದಲೇ ಯುದ್ಧದ ನಿಯಮದಿಂದ ಅಂಚು ಕಿರಿದು, ಕತ್ತರಿಸಿದ ಮೇಲೆ ಕೆಲವು ಪುಟದಲ್ಲಿ ಸಾಲಿನ ಕೊನೆ ಅಕ್ಷರವೇ ಹೋಗಿತ್ತು. ಬೆನ್ನಿನ ಬದಿಯಲ್ಲಿ ದಬ್ಬಳದಲ್ಲಿ ತೂತು ಹಾಕಿ ಹೊಲಿದಿದ್ದರು, ಪುಸ್ತಕ ತೆರೆಯುವುದೇ ಇಲ್ಲ. ಮೂಲ ರಟ್ಟು ಎಲ್ಲಿ ಅಂದರೆ ಎಸೆದೆವು ಅಂದರು. ರಟ್ಟಿನ ಮೇಲೆ ಹೊದಿಸಿದ್ದ ಕಾಗದದ ಜಾಕೆಟ್ಟೂ ಅದರ ಜೊತೆಗೇ ಹೋಗಿತ್ತು. ಆ ಜಾಕೆಟ್ ಹಿಂಬದಿ ಬೇರೆ ಯಾವುದೋ ಪುಸ್ತಕದ ಜಾಕೆಟ್ ಮುದ್ರಿಸಿತ್ತು, ಕಾಗದ ಇಲ್ಲದ ಕಾಲದಲ್ಲಿ ಹಳೆಯದರ ಬೆನ್ನಿಗೇ ಹೊಸದನ್ನು ಹಾಕಿದ್ದು. ಅದನ್ನು ನೆನೆದರೆ ಇವತ್ತಿಗೂ ಸಂಕಟ.

ಬೈಂಡರ್ ಮಗಳು:
ಹಾಗೆ ಬದಿಯಲ್ಲಿ ದಬ್ಬಳ ಹಾಕಿದ್ದರೆ ಅದು ಕಾದಂಬರಿಗೆ ಹಾಕುವ ಹೊಲಿಗೆ ಅಲ್ಲ. ನಮ್ಮಪ್ಪ ಹಾಗೆ ಮಾಡುತ್ತಿರಲಿಲ್ಲ. ಫಾರಂ ಫಾರಂ, ಅಂದರೆ ಒಟ್ಟಿಗೆ ಮಡಚಿದ ಹಾಳೆಗಳ ಒಂದೊಂದು ಕಟ್ಟು, ಬಿಡಿಸಿ, ಹಳೆ ತೂತಿನಲ್ಲೇ ದಾರ ಹಾಕಿ ಹೊಲಿಯುತ್ತಿದ್ದರು. ಅಂಚು ಮುಟ್ಟುತ್ತಿರಲಿಲ್ಲ. ಮೈದಾ ಗೋಂದಿಗೆ ಸ್ವಲ್ಪ ಮೈಲುತುತ್ತ ಹಾಕುತ್ತಿದ್ದರು, ಹುಳ ಬರದ ಹಾಗೆ. ತಪ್ಪು ಕೆಲಸ ಮಾಡಿದವರನ್ನು ನೋಡಿ ಕೆಲಸವನ್ನೇ ಬೈಯಬೇಡಿ.

ಲೀಡ್ಸ್ ಕನ್ನಡತಿ:
ಈ ಮಾತು ಒಪ್ಪಿದೆ. ಹಳೆ ತೂತಿನಲ್ಲೇ ಹೊಲಿಯುವವರು ಸಿಕ್ಕರೆ ಚಿನ್ನ. ಆದರೂ ನನ್ನ ಮಾತು ಬೇರೆ. ಸಾಮಾನ್ಯ ಪುಸ್ತಕಕ್ಕೆ ಹೊಸ ಬೈಂಡಿಂಗ್ ಉಪಕಾರ. ಇವುಗಳಿಗೆ ಆ ತೆಳು ರಟ್ಟು, ಆ ಸಾದಾ ಬಟ್ಟೆ, ಆ ಕೆಟ್ಟ ಅಂಟೇ ಸಾಕ್ಷಿ. ಅದನ್ನು ತೆಗೆದು ದಪ್ಪ ರಟ್ಟು ಹಾಕಿ ಚಿನ್ನದ ಅಕ್ಷರ ಬರೆಸಿದರೆ 1943ರ ಪುಸ್ತಕ ಅಂತ ಗೊತ್ತಾಗುವುದು ಹೇಗೆ? ಒಳಗಿನ ಕಥೆ ಬೇಕಿದ್ದರೆ ಇವತ್ತಿನ ಯಾವ ಪ್ರತಿಯಲ್ಲೂ ಸಿಗುತ್ತದೆ, ಪುಕ್ಕಟೆಯಾಗಿ ಫೋನಿನಲ್ಲೂ ಸಿಗುತ್ತದೆ.

ಬೈಂಡರ್ ಮಗಳು:
ಸಂಗ್ರಹ ಮಾಡುವವರಿಗೆ ಸರಿ. ಟ್ರಂಕು ಅವರಿಗೆ ಅದು ಅಜ್ಜನ ಪುಸ್ತಕ. ಅಜ್ಜ ಓದಿದ ಪ್ರತಿಯನ್ನೇ ಮೊಮ್ಮಗ ಓದಬೇಕು ಅನ್ನುವ ಆಸೆಗೆ ಫೋನು ಆಗಲ್ಲ.

ಅಟ್ಟದ ಟ್ರಂಕು:
ಇಬ್ಬರೂ ಹೇಳಿದ್ದು ಮನಸ್ಸಿಗೆ ಬಂತು. ನಾನು ಮೊಮ್ಮಗ ಅಲ್ಲ, ಮೊಮ್ಮಗಳು. ಓದಬೇಕು ಅನ್ನುವ ಆಸೆ ನಿಜ.

ಬೈಂಡರ್ ಮಗಳು:
ಕ್ಷಮಿಸಿ ಅಮ್ಮಾ!

ಶಿರಸಿ ಮಳೆ:
ಇದೆಲ್ಲ ಆಮೇಲೆ. ಸಾಗರದ ಮಳೆಗಾಲ ಬರುತ್ತಿದೆ, ಮೊದಲು ಆ ತಗಡಿನ ಟ್ರಂಕಿನಿಂದ ತೆಗೆಯಿರಿ. ತಗಡು ಬೆವರುತ್ತದೆ. ನಮ್ಮ ಮನೆಯಲ್ಲಿ ಹಾಗೇ ಇಟ್ಟು ಅರ್ಧ ಪುಸ್ತಕ ಬೂಸ್ಟು ಹಿಡಿಯಿತು. ಒಣ ಬೇವಿನ ಎಲೆ ಹಾಕಿ, ಗಾಳಿ ಆಡುವ ಮರದ ಕಪಾಟಿನಲ್ಲಿ ಇಡಿ.

ಪುಸ್ತಕಪ್ರಿಯ_77:
ಬಿಸಿಲಿಗೆ ಹಾಕಿ, ಹುಳ ಎಲ್ಲ ಹೋಗುತ್ತದೆ.

ಲೀಡ್ಸ್ ಕನ್ನಡತಿ:
ಬಿಸಿಲು ಬೇಡವೇ ಬೇಡ! ಈ ಕಾಗದದಲ್ಲಿ ಮೊದಲೇ ಹುಳಿ ಅಂಶ ಜಾಸ್ತಿ, ಅದಕ್ಕೇ ಕಂದಾಗಿರುವುದು. ಬಿಸಿಲಿಗೆ ಇನ್ನೂ ಬೇಗ ಮುರಿಯುತ್ತದೆ. ಹುಳ ಇದ್ದರೆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ನೀರಾಡುತ್ತದೆ.

ಶಿರಸಿ ಮಳೆ:
ಫ್ರೀಜರ್‌ನಲ್ಲಿ ಪುಸ್ತಕವಾ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಹೋಗುತ್ತದೆ. ಕರಗಿ ಮತ್ತೆ ಗಟ್ಟಿಯಾಗಿ ಪುಸ್ತಕ ಹಾಳಾದರೆ?

ಲೀಡ್ಸ್ ಕನ್ನಡತಿ:
ಅದು ನನಗೆ ಹೊಳೆಯಲಿಲ್ಲ, ನಿಜ. ಹಾಗಿದ್ದರೆ ಮಳೆಗಾಲ ಮುಗಿದ ಮೇಲೆ ಮಾಡಿ.

ಸ್ಟಾಂಪು ನೋಟು:
ಕಾಗದ ಎಷ್ಟು ಗಟ್ಟಿ ಅಂತ ತಿಳಿಯಲು ಪುಟದ ಮೂಲೆ ಹಿಂದೆ ಮುಂದೆ ಮಡಚಿ ನೋಡುವುದು. ಎರಡು ಸಲಕ್ಕೆ ಮುರಿದರೆ ಕಥೆ ಮುಗಿದ ಹಾಗೆ. ಲೈಬ್ರರಿಯವರು ಹೀಗೇ ನೋಡುತ್ತಾರೆ.

ಬಿಡಿಹಾಳೆ:
ಲೈಬ್ರರಿಯವರು ಸಾವಿರ ಪುಸ್ತಕದಲ್ಲಿ ಯಾವುದನ್ನು ಉಳಿಸಬೇಕು ಅಂತ ಲೆಕ್ಕ ಹಾಕಲು ಮಾಡುವುದು ಅದು. ಇರುವ ಹದಿನಾಲ್ಕರ ಮೂಲೆ ಯಾಕೆ ಮುರಿಯಬೇಕು? ನೋಡಿದರೇ ಗೊತ್ತಾಗುತ್ತದೆ. ಟ್ರಂಕು ಅವರೇ, ಸೆಲ್ಲೋಟೇಪ್ ಕೂಡ ಹಚ್ಚಬೇಡಿ, ಲ್ಯಾಮಿನೇಷನ್ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಮೇಷ್ಟ್ರು ಹಾಸನ:
ನಡುವೆ ಒಂದು ಮಾತು. ನಮ್ಮ ಮನೆಯಲ್ಲಿ 1944ರ ಕನ್ನಡ ಪುಸ್ತಕ ಎರಡಿವೆ, ಅವೂ ಹೀಗೇ ಪುಡಿ ಪುಡಿ. ಇಲ್ಲೂ ಯುದ್ಧದಲ್ಲಿ ಕಾಗದಕ್ಕೆ ಕಂಟ್ರೋಲು ಇತ್ತು, ಪತ್ರಿಕೆಗಳೂ ಪುಟ ಕಮ್ಮಿ ಮಾಡಿದವು. ಇಂಗ್ಲಿಷ್ ಪ್ರತಿಗಳಿಗೆ ಪ್ರಪಂಚದ ಎಲ್ಲೋ ಒಂದು ಕಡೆ ಒಳ್ಳೆ ಪ್ರತಿ ಉಳಿದಿರುತ್ತದೆ. ಆರ್ಮ್ಡ್ ಸರ್ವಿಸಸ್ ಎಡಿಷನ್ನಿನ ಪೂರ್ತಿ ಸೆಟ್ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇದೆ. ನಮ್ಮ ಆ ಕಾಲದ ಕನ್ನಡ ಪುಸ್ತಕಗಳನ್ನು ಹೀಗೆ ಹುಡುಕಿ ಸೇರಿಸುವವರು ಇನ್ನೂ ಬೇಕು. ನಿಮ್ಮ ಅಟ್ಟದಲ್ಲಿ ಕನ್ನಡದ್ದು ಸಿಕ್ಕಿದರೆ ಅದನ್ನು ಮೊದಲು ನೋಡಿಕೊಳ್ಳಿ ಮಗಳೇ.

ಕಂಟೋನ್ಮೆಂಟ್ ಓದುಗ:
ಸರ್ ಹೇಳಿದ್ದು ನೂರಕ್ಕೆ ನೂರು.

ಪುಸ್ತಕಪ್ರಿಯ_77:
ಸರಿ, ಮೊದಲ ಮುದ್ರಣ ಅಂದದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಕೊನೆಗೆ ಬೆಲೆ ಎಷ್ಟು ಅಂತ ಯಾರೂ ಹೇಳಲಿಲ್ಲ.

ಪೆಂಗ್ವಿನ್ ಪದ್ಮ:
ನನ್ನ ಅಂದಾಜು ಹೇಳುತ್ತೇನೆ, ಬೇರೆಯವರು ತಿದ್ದಿ. ಜಾಕೆಟ್ ಇಲ್ಲದ ಎವ್ರಿಮ್ಯಾನ್, ವರ್ಲ್ಡ್ಸ್ ಕ್ಲಾಸಿಕ್ಸ್ ನಮ್ಮ ಊರಿನಲ್ಲಿ 100ರಿಂದ 300. ಜಾಕೆಟ್ ಇದ್ದರೆ ಎರಡು ಮೂರು ಪಟ್ಟು, ಆ ಕಾಲದ ಜಾಕೆಟ್ ಅಷ್ಟು ತೆಳು, ಉಳಿಯುವುದೇ ಕಷ್ಟ. ಪಿನ್ನಿನ ಪೆಂಗ್ವಿನ್ 200 ಆಸುಪಾಸು. ಸೀಲು ಇರುವುದಕ್ಕೆ ನಾನು 1,500 ಕೊಟ್ಟು ಸಂತೋಷದಿಂದ ಕೊಳ್ಳುತ್ತೇನೆ. 6,000 ಅಂತ ಹಾಕಿದವರು ಹಾಕಿದ್ದಾರೆ, ಅಷ್ಟಕ್ಕೆ ಮಾರಾಟ ಆಯಿತಾ ಅಂತ ನೋಡಬೇಕು. ಕೇಳುವ ಬೆಲೆ ಬೇರೆ, ಕೊಡುವ ಬೆಲೆ ಬೇರೆ. 700 ಅಂದವರೂ ಮೋಸದವರಲ್ಲ, ಅವರೂ ಮಾರಬೇಕಲ್ಲ, ಆದರೆ ಕಮ್ಮಿಯಾಯಿತು.

ಲೀಡ್ಸ್ ಕನ್ನಡತಿ:
ಸರಿಯಾಗಿದೆ. ವರ್ಲ್ಡ್ಸ್ ಕ್ಲಾಸಿಕ್ಸ್‌ನಲ್ಲಿ ಟ್ರಾಲಪ್ ಇದ್ದರೆ ನೋಡಿ, ಅದಕ್ಕೆ ಈಗಲೂ ಹುಡುಕುವವರಿದ್ದಾರೆ.

ಅಟ್ಟದ ಟ್ರಂಕು:
ನಾಲ್ಕರಲ್ಲಿ ಎರಡು ಟ್ರಾಲಪ್! ಒಂದರ ಕೊನೆಯ ಖಾಲಿ ಪುಟದಲ್ಲಿ ಅಜ್ಜನ ಅಕ್ಷರ ಇದೆ. ಕಷ್ಟದ ಇಂಗ್ಲಿಷ್ ಪದಗಳ ಪಟ್ಟಿ, ಪಕ್ಕದಲ್ಲಿ ಕನ್ನಡ ಅರ್ಥ. ‘ಡೀನ್’ (ದೊಡ್ಡ ಚರ್ಚಿನ ಮುಖ್ಯ ಪಾದ್ರಿ) ಅನ್ನುವುದಕ್ಕೆ ‘ಮಠದ ಪಾರುಪತ್ಯಗಾರ?’ ಅಂತ ಪ್ರಶ್ನೆ ಚಿಹ್ನೆ ಹಾಕಿ ಬರೆದಿದ್ದಾರೆ.

ಮೇಷ್ಟ್ರು ಹಾಸನ:
ಆಹಾ. ಎಷ್ಟು ಚೆನ್ನಾಗಿ ಹುಡುಕಿದ್ದಾರೆ.

ಬೈಂಡರ್ ಮಗಳು:
ಆ ಪುಸ್ತಕ ಮಾತ್ರ ಯಾರ ಕೈಗೂ ಕೊಡಬೇಡಿ. ನಾನೇ ಹೇಳುತ್ತಿದ್ದೇನೆ. ಕೊನೆ ಪುಟವನ್ನೇ ಬೈಂಡಿಂಗ್‌ನವರು ಮೊದಲು ರಟ್ಟಿಗೆ ಅಂಟಿಸುವುದು. ಒಂದು ಗಟ್ಟಿ ರಟ್ಟಿನ ಪೆಟ್ಟಿಗೆ ಅಳತೆಗೆ ಸರಿಯಾಗಿ ಮಾಡಿಸಿ ಅದರೊಳಗೆ ಇಡಿ. ಪುಸ್ತಕಕ್ಕೆ ಅಂಟೂ ಬೇಡ ಸೂಜಿಯೂ ಬೇಡ. ಓದುವಾಗ ಪೂರ್ತಿ ಬಿಡಿಸಬೇಡಿ, ಎರಡೂ ಕಡೆ ದಿಂಬು ಇಟ್ಟುಕೊಂಡು ಅರ್ಧ ತೆರೆದು ಓದಿ.

ಬಿಡಿಹಾಳೆ:
ಇದಕ್ಕಿಂತ ಒಳ್ಳೆ ಸಲಹೆ ಇಲ್ಲ. ಪೆನ್ಸಿಲ್ ಗೀಟು ಅಳಿಸಲು ಹೋಗಬೇಡಿ ಅಂತ ನಾನು ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ಅಟ್ಟದ ಟ್ರಂಕು:
ಅಳಿಸುವ ಮಾತೇ ಇಲ್ಲ. ಪಿನ್ನಿನ ಪೆಂಗ್ವಿನ್ ಎರಡಕ್ಕೆ ಏನು ಮಾಡಲಿ? ತುಕ್ಕು ಹಬ್ಬುತ್ತಿದೆ.

ಬೈಂಡರ್ ಮಗಳು:
ಪಿನ್ನು ಎಳೆಯಬೇಡಿ, ಕಾಗದ ಹರಿಯುತ್ತದೆ. ಹಿಂದೆ ಮಡಚಿದ ಕಾಲನ್ನು ತೆಳು ಚಾಕುವಿನಿಂದ ಮೆಲ್ಲಗೆ ನೇರ ಮಾಡಿ, ಕೆಳಗೆ ಒಂದು ಪ್ಲಾಸ್ಟಿಕ್ ಚೂರು ಇಟ್ಟುಕೊಳ್ಳಿ. ಆಮೇಲೆ ಇನ್ನೊಂದು ಕಡೆಯಿಂದ ಎತ್ತಿ. ತುಂಬ ತುಕ್ಕಿದ್ದರೆ ಅದೇ ತುಂಡಾಗುತ್ತದೆ, ತುಂಡು ತುಂಡಾಗಿ ತೆಗೆಯಿರಿ. ಅದೇ ಎರಡು ತೂತಿನಲ್ಲಿ ಹತ್ತಿ ದಾರ ಹಾಕಿ ಸಡಿಲವಾಗಿ ಕಟ್ಟಿ.

ಪೆಂಗ್ವಿನ್ ಪದ್ಮ:
ಪಿನ್ನೂ ಯುದ್ಧದ್ದೇ ಅಲ್ವಾ? ತೆಗೆಯಬಾರದು ಅನ್ನುವವಳು ನಾನು.

ಬೈಂಡರ್ ಮಗಳು:
ತುಕ್ಕು ಕಾಗದವನ್ನು ತಿನ್ನುತ್ತಿದೆ ಪದ್ಮ ಅವರೇ. ತೆಗೆದ ಪಿನ್ನನ್ನು ಒಂದು ಸಣ್ಣ ಕವರ್‌ನಲ್ಲಿ ಹಾಕಿ ಪೆಟ್ಟಿಗೆಯಲ್ಲೇ ಇಡಲಿ.

ಪೆಂಗ್ವಿನ್ ಪದ್ಮ:
ಅದಾದರೆ ಸರಿ. ಆದರೆ ಹೊರಗೆ ತೆಗೆಯುವ ಮುಂಚೆ ಪಿನ್ನು ಇದ್ದ ಹಾಗೇ ಫೋಟೊ ತೆಗೆದುಕೊಳ್ಳಿ.

ಕಂಟೋನ್ಮೆಂಟ್ ಓದುಗ:
ಸೀಲಿನ ಫೋಟೊ ಮರೆಯಬೇಡಿ. ಓರೆ ಬೆಳಕಿನಲ್ಲಿ ತೆಗೆಯಿರಿ, ಮಸುಕಾದ ಅಕ್ಷರ ಕಾಣುತ್ತದೆ.

ಅಟ್ಟದ ಟ್ರಂಕು:
ಭಾನುವಾರ ಬೆಳಗ್ಗೆ ಕಿಟಕಿ ಹತ್ತಿರ ಇಟ್ಟು ತೆಗೆಯುತ್ತೇನೆ. ಇಲ್ಲಿ ಈಗ ಮೋಡ ಕವಿದಿದೆ, ಕರೆಂಟೂ ಇಲ್ಲ. ಟ್ರಂಕಿನಿಂದ ಎಲ್ಲವನ್ನೂ ತೆಗೆದು ಮರದ ಕಪಾಟಿಗೆ ಹಾಕಿ ಆಯಿತು.